ರಾಣಿ ಸಾಯಲೇಬೇಕು

ಬೆಳಿಗ್ಗೆ ಎಂಟಕ್ಕೇ ಪಟಾಲಮ್ಮ ಅಂಜಿನಯ್ಯನ ಬಾಗಿಲಲ್ಲಿ ನಿಂತಿದ್ದರು. "ನಮ್ ಸೊಸೆ ಇವತ್ತು ನಾಟಕದಲ್ಲಿ ಸಾಯಲ್ಲ ಕಣಪ್ಪ. ಶುಕ್ರವಾರದ ದಿನ ಮನೆ ಲಕ್ಷ್ಮಿನ ಸಾಯಿಸ್ತೀಯಾ? ಬೇಕಾದ್ರೆ ಜ್ವರ ಬರ್ಲಿ, ಸಾಕು."

ಬಾಪೂಜಿನಗರದ ಆ ಬೀದಿಯ ರಾಜ್ಯೋತ್ಸವಕ್ಕೆಂದು ಅಂಜಿನಯ್ಯ ಪೂರಾ ಪದ್ಯದಲ್ಲೇ ಒಂದು ದುರಂತ ನಾಟಕ ಬರೆದಿದ್ದ. ಕುತಂತ್ರಿ ಮಂತ್ರಿ ಇಲ್ಲದ್ದನ್ನೆಲ್ಲ ರಾಜನ ಕಿವಿಗೆ ಊದುತ್ತಾನೆ. ರಾಜ ನಂಬಿ ರಾಣಿಗೆ ವಿಷ ಕೊಡುತ್ತಾನೆ. ಅವಳು ಹಾಡುತ್ತಲೇ ಸಾಯುತ್ತಾಳೆ. ಆಮೇಲೆ ರಾಜನ ಪಶ್ಚಾತ್ತಾಪದ್ದು ಇಪ್ಪತ್ತನಾಲ್ಕು ಸಾಲು. ರಾಜ ಅಂಜಿನಯ್ಯನೇ. ಆ ಇಪ್ಪತ್ತನಾಲ್ಕು ಸಾಲಿಗಾಗಿಯೇ ಉಳಿದ ನಾಟಕವನ್ನೆಲ್ಲ ಬರೆದದ್ದು. ರಾಣಿ ಸಾಯದಿದ್ದರೆ ರಾಜ ಅಳುವುದು ಯಾತಕ್ಕೆ?

ಮಂತ್ರಿಯ ಪಾರ್ಟು ಮಾಡುತ್ತಿದ್ದ ಭೈರೇಶ ಅಲ್ಲೇ ಕಾಫಿ ಕುಡಿಯುತ್ತಿದ್ದ. ಪಾತ್ರ ಮೈಗೆ ಹತ್ತಿತ್ತೋ ಏನೋ, ಮೆಲ್ಲಗೆ ಉಸುರಿದ: "ಒಂದು ರೀಲ್ ಬಿಡು ಮಗಾ. ಆಯಮ್ಮ ನಂಬ್ತಾರೆ."

ಹಿರಿಯರಿಗೆ ಸುಳ್ಳು ಹೇಳುವುದೇ? ಅಂಜಿನಯ್ಯನ ಮನಸ್ಸು ಹೊಯ್ದಾಡಿತು. ಹೊಯ್ದಾಟ ಅರ್ಧ ಲೋಟ ಕಾಫಿ ಮುಗಿಯುವಷ್ಟು ಹೊತ್ತು ನಡೆಯಿತು.

"ಅಮ್ಮಾ, ಸ್ಟೇಜ್ ಮೇಲೆ ಸತ್ರೆ ಕಂಟಕ ಅಲ್ಲೇ ಕಳೀತದಂತೆ. ಒಂದ್ಸಲ ಸತ್ರೆ ಆಯಸ್ಸು ಹತ್ತು ವರ್ಷ ಜಾಸ್ತಿ ಆಗ್ತದಂತೆ. ಹಳೇ ಕಾಲದೋರು ಹೇಳ್ತಿದ್ರು."

"ಮೊದ್ಲೇ ಹೇಳಬಾರ್ದೇನೋ!" ಪಟಾಲಮ್ಮನ ಮುಖ ಅರಳಿತು.

ಸಂಜೆ ರಸ್ತೆಗಡ್ಡ ಹಾಕಿದ ಶಾಮಿಯಾನದಲ್ಲಿ ಅವರ ಸೊಸೆ ವರಲಕ್ಷ್ಮಿ ವಿಷ ಕುಡಿದು, ಹಾಡಿ, ಒಪ್ಪವಾಗಿ ಸತ್ತಳು. ಅಂಜಿನಯ್ಯ ಕಿರೀಟ ಸರಿಮಾಡಿಕೊಂಡು ಬಾಯಿ ತೆರೆದ.

"ಒನ್ಸ್ ಮೋರ್!" ಎಂದು ಮುಂದಿನ ಸಾಲಿನಿಂದ ಪಟಾಲಮ್ಮ ಕೂಗಿದರು.

ಒನ್ಸ್ ಮೋರ್ ಬಿದ್ದರೆ ಸತ್ತವರೂ ಎದ್ದು ಹಾಡಬೇಕು, ನಮ್ಮ ಕಡೆ ನಾಟಕದ ಪದ್ಧತಿಯೇ ಅದು. ರಾಣಿ ಎದ್ದಳು, ಕುಡಿದಳು, ಹಾಡಿದಳು, ಸತ್ತಳು. "ಒನ್ಸ್ ಮೋರ್!" ಈಗ ಹೆಂಗಸರೆಲ್ಲ ದನಿಗೂಡಿಸಿದ್ದರು. ಪಟಾಲಮ್ಮ ಬೆರಳು ಮಡಿಸಿ ಎಣಿಸುತ್ತಿದ್ದರು. ಐದನೇ ಸಾವಿಗೆ ಇಡೀ ಬೀದಿ ಬಿದ್ದು ಬಿದ್ದು ನಕ್ಕಿತು. ಏಳನೆಯದು ಮುಗಿಯುತ್ತಲೇ ಆರ್ಕೆಸ್ಟ್ರಾದವರು ತಮ್ಮ ಸರದಿಯೆಂದು ಮೈಕು ಕಿತ್ತುಕೊಂಡರು. ರಾಜನ ಪಶ್ಚಾತ್ತಾಪ ಗಂಟಲಲ್ಲೇ ಉಳಿಯಿತು.

ವೇದಿಕೆಯ ಹಿಂದೆ ಅಂಜಿನಯ್ಯ ಅಳುಮೋರೆ ಹಾಕಿಕೊಂಡು ಬಣ್ಣ ಒರೆಸುತ್ತಿದ್ದ. ಪಟಾಲಮ್ಮ ಬಂದು ಅವನ ತಲೆ ನೇವರಿಸಿದರು.

"ಸೊಸೆಗೆ ಎಪ್ಪತ್ತು ವರ್ಷ ಸಿಕ್ತು. ನಿನ್ ಹೊಟ್ಟೆ ತಣ್ಣಗಿರ್ಲಿ. ಮುಂದಿನ ವರ್ಷ ನಂಗೂ ಒಂದು ಸಾವು ಬರಿಯಪ್ಪ."

ನಿಜ ಹೇಳಿಯೇಬಿಡೋಣವೆಂದು ಅಂಜಿನಯ್ಯ ಎದ್ದುನಿಂತ. ಅಷ್ಟರಲ್ಲಿ ಏಳು ಸಲ ಹಾಡಿ ದನಿ ಬಿದ್ದುಹೋಗಿದ್ದ ವರಲಕ್ಷ್ಮಿ ಅವನನ್ನು ಪಕ್ಕಕ್ಕೆ ಕರೆದು ಕೈಮುಗಿದಳು.

"ಅಣ್ಣಾ, ದಮ್ಮಯ್ಯ ಅಂತೀನಿ, ನಮ್ಮತ್ತೆಗೆ ಮಾತ್ರ ಪಾರ್ಟ್ ಕೊಡ್ಬೇಡಿ!"