ಹಾರ ಹಾಕುವ ಫೋಟೋ

ಐವತ್ತು ದಾಟಿದ ಗಂಡಸರಿಗೆ ಏನಾದರೊಂದು ಅಂಟಿಕೊಳ್ಳುವುದು ವಾಡಿಕೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬೆಳಗಿನ ವಾಕಿಂಗು, ಇನ್ನು ಕೆಲವರಿಗೆ ವೇದಾಂತ. ನನಗೆ ಈ ಮೂರೂ ಅಂಟಿ, ವಾಕಿಂಗೂ ವೇದಾಂತವೂ ತಾವಾಗಿಯೇ ಬಿಟ್ಟುಹೋದವು. ಸಕ್ಕರೆ ಉಳಿಯಿತು. ಅದಕ್ಕೆ ಜೊತೆಯಾಗಿ ಹೋದ ವರ್ಷ ಕ್ಯಾಮೆರಾ ಬಂತು. ನಾನು ಶಿವಮೊಗ್ಗದ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು. ದಿನವಿಡೀ ಜನರ ಎದುರು ಕೂತು ಅವರು ಸತ್ತ ಮೇಲೆ ಏನೇನಾಗುತ್ತದೆ ಎಂದು ವಿವರಿಸುವುದೇ ನನ್ನ ಉದ್ಯೋಗ. ಸಂಜೆಯಾದರೂ ಸ್ವಲ್ಪ ಸೌಂದರ್ಯದ ಕಡೆ ಗಮನ ಕೊಡೋಣ ಎಂದುಕೊಂಡೆ. ಕಚೇರಿಯ ಕೆಲಸವೂ ಸಂಜೆಯ ಸೌಂದರ್ಯವೂ ಕೊನೆಗೆ ಒಂದೇ ಕಡೆ ಬಂದು ಸೇರುತ್ತವೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಾನು ಕೊಂಡದ್ದು ಮಿರರ್‌ಲೆಸ್ ಕ್ಯಾಮೆರಾ. ಹಳೆಯ ಕ್ಯಾಮೆರಾಗಳ ಹೊಟ್ಟೆಯೊಳಗೆ ಒಂದು ಕನ್ನಡಿ ಇರುತ್ತಿತ್ತು, ಇದರಲ್ಲಿ ಅದು ಇಲ್ಲ ಎಂದು ನನ್ನ ಹೆಂಡತಿ ಸುಮಾಗೆ ಉತ್ಸಾಹದಿಂದ ಹೇಳಿದೆ. ಅವಳು ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಕನ್ನಡಿ ಇರೋದು ತಗೊಂಡಿದ್ರೆ ಕಮ್ಮಿಗೆ ಬರ್ತಿತ್ತಾ?" ಎಂದಳು. ಹೌದು ಎಂದೆ. "ಇಲ್ಲದ್ದಕ್ಕೆ ಜಾಸ್ತಿ ಕೊಟ್ರಾ?" ಎಂದಳು. ಹೌದು ಎಂದೆ. ಅವಳು ಒಳಗೆ ಹೋಗಿ ಕುಕ್ಕರ್ ಇಟ್ಟಳು. ನಮ್ಮ ಮನೆಯಲ್ಲಿ ದೊಡ್ಡ ದೊಡ್ಡ ವಿಷಯಗಳೆಲ್ಲ ಇಷ್ಟರಲ್ಲೇ ಇತ್ಯರ್ಥವಾಗುತ್ತವೆ.

ಕ್ಯಾಮೆರಾದ ಜೊತೆಗೇ ಒಂದು ಜೂಮ್ ಲೆನ್ಸ್ ಕೊಟ್ಟಿದ್ದರು. ಅದರಲ್ಲಿ ನಾನು ತೆಗೆದ ಫೋಟೋಗಳಿಗೂ ಸುಮಾ ಮೊಬೈಲಿನಲ್ಲಿ ತೆಗೆದ ಫೋಟೋಗಳಿಗೂ ಇದ್ದ ವ್ಯತ್ಯಾಸವೆಂದರೆ ಅವಳದು ಚೆನ್ನಾಗಿರುತ್ತಿತ್ತು. ಪರಿಹಾರವೇನೆಂದು ವಿಡಿಯೋಗಳನ್ನು ನೋಡಲು ಕೂತೆ. ಲೋಕದ ಫೋಟೋಗ್ರಾಫರುಗಳೆಲ್ಲ ಒಂದೇ ಮಾತು ಹೇಳುತ್ತಿದ್ದರು: ಅಗ್ಗದ್ದೊಂದು ಪ್ರೈಮ್ ಲೆನ್ಸ್ ತಗೊಳ್ಳಿ, ನಿಮ್ಮ ಬದುಕು ಬದಲಾಗುತ್ತದೆ. ಪ್ರೈಮ್ ಲೆನ್ಸ್ ಎಂದರೆ ಜೂಮ್ ಇಲ್ಲದ ಲೆನ್ಸ್. ಹತ್ತಿರ ಕಾಣಬೇಕಾದರೆ ನೀವೇ ಹತ್ತಿರ ಹೋಗಬೇಕು, ದೂರ ಕಾಣಬೇಕಾದರೆ ನೀವೇ ಹಿಂದೆ ಸರಿಯಬೇಕು. ಈ ಕಷ್ಟಕ್ಕೆ ಪ್ರತಿಫಲವಾಗಿ ಅದರ ಬಾಯಿ ತುಂಬ ಅಗಲ ತೆರೆಯುತ್ತದೆ. ಪೂರ್ತಿ ತೆರೆದರೆ ಎದುರಿಗಿರುವ ಮುಖವೊಂದೇ ಚೊಕ್ಕವಾಗಿ ಬಂದು, ಹಿಂದಿರುವುದೆಲ್ಲ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ. ಐವತ್ತು ಮಿಲಿಮೀಟರಿನ ಅಂಥದ್ದೊಂದನ್ನು ತರಿಸಿದೆ. ಸುಮಾಗೆ ಈ ಸಲ ಏನನ್ನೂ ವಿವರಿಸಲಿಲ್ಲ.

ಆಮೇಲಿನ ಕೆಲವು ವಾರ ನಾನು ಕಂಡದ್ದನ್ನೆಲ್ಲ ಕರಗಿಸಿದೆ. ತುಂಗಾ ಸೇತುವೆಯ ಮೇಲೆ ಒಬ್ಬ ಸೈಕಲ್ ಸವಾರನನ್ನು ತೆಗೆದೆ. ಸೇತುವೆಯೂ ಕಾಣಲಿಲ್ಲ, ತುಂಗೆಯೂ ಕಾಣಲಿಲ್ಲ. ಹೋಟೆಲಿನಲ್ಲಿ ಮಸಾಲೆ ದೋಸೆ ತೆಗೆದೆ. ದೋಸೆಯ ಮೂತಿಯೊಂದು ಗರಿಗರಿಯಾಗಿ ಬಂದು ಉಳಿದ ಮುಕ್ಕಾಲು ಪಾಲು ಮಂಜಾಯಿತು. ನಾನು ಕೋನ ಹುಡುಕುವಷ್ಟರಲ್ಲಿ ನಿಜವಾದ ದೋಸೆಯೂ ಮೆತ್ತಗಾಗಿತ್ತು. ಆದರೆ ಗಾಂಧಿ ಬಜಾರಿನಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದ ಹೂವಿನ ಹೆಂಗಸೊಬ್ಬರದು ಮಾತ್ರ, ನಾನೇ ಹೇಳಬಾರದು, ಅದ್ಭುತವಾಗಿ ಬಂತು. ಮುಖದ ಗೆರೆ ಗೆರೆಯೂ ಸ್ಪಷ್ಟ, ಹಿಂದಿನ ಇಡೀ ಬಜಾರು ಬಣ್ಣಬಣ್ಣದ ಚುಕ್ಕಿ. ಅವರ ಒಪ್ಪಿಗೆ ಕೇಳಿ ಅದನ್ನು ನಮ್ಮ ಬಂಧುಗಳ ಗ್ರೂಪಿಗೆ ಹಾಕಿದೆ. ಮಾರನೆಯ ದಿನವೇ ಭದ್ರಾವತಿಯ ಕಾಗದನಗರದಿಂದ ಸರೋಜತ್ತೆಯ ಫೋನು ಬಂತು.

ಸರೋಜತ್ತೆ ನನ್ನ ಅಪ್ಪನ ತಂಗಿ. ಮಾವ ಕಾಗದದ ಕಾರ್ಖಾನೆಯಲ್ಲಿದ್ದರು, ತೀರಿಕೊಂಡು ಬಹಳ ವರ್ಷವಾಯಿತು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಹಗಲೆಲ್ಲ ಮನೆ, ಬೀದಿ ಮತ್ತು ಬೀದಿಯ ವಿದ್ಯಮಾನಗಳು ಅತ್ತೆಯ ಆಳ್ವಿಕೆಯಲ್ಲಿರುತ್ತವೆ.

"ಶ್ರೀಧರಾ, ಆ ಹೂವಿನವಳು ಎಷ್ಟು ಲಕ್ಷಣವಾಗಿ ಬಂದಿದಾಳೆ ಮಾರಾಯ! ನಂದೂ ಒಂದು ತೆಗೆದುಕೊಡು."

"ಅದಕ್ಕೇನತ್ತೆ, ಬರ್ತೀನಿ. ಏನು ವಿಶೇಷ?"

"ವಿಶೇಷ ಏನಿಲ್ಲ. ಹಾರ ಹಾಕೋಕೆ."

"ಯಾರಿಗೆ?"

"ನನಗೇ ಕಣೋ. ಈಗ್ಲೇ ಅಲ್ಲ, ಗಾಬರಿಯಾಗ್ಬೇಡ."

ಇದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಬಳಗದಲ್ಲಿ ಗೋಡೆ ಸೇರಿದ ಹಿರಿಯರಲ್ಲಿ ಒಬ್ಬರ ಫೋಟೋವೂ ನೆಟ್ಟಗಿಲ್ಲ. ಹೋದ ಮೇಲೆಯೇ ಎಲ್ಲರೂ ಫೋಟೋ ಹುಡುಕುವುದು. ನಮ್ಮ ದೊಡ್ಡಪ್ಪ ಜೀವಮಾನವೆಲ್ಲ ಪಂಚೆಯಲ್ಲಿದ್ದವರು, ಗೋಡೆಯ ಮೇಲೆ ಸ್ಟುಡಿಯೋದವರು ಹಾಕಿಸಿದ ಕೋಟು ಟೈಗಳಲ್ಲಿದ್ದಾರೆ. ಮಾವನ ಫೋಟೋ ಕಾರ್ಖಾನೆಯ ಒಂದು ಗುಂಪು ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಪಕ್ಕದವನನ್ನು ಕತ್ತರಿಸಿದರೂ ಮಾವನ ಹೆಗಲ ಮೇಲಿದ್ದ ಅವನ ಕೈಯನ್ನು ಕತ್ತರಿಸಲಾಗಿಲ್ಲ. ಹಾಗಾಗಿ ಇಷ್ಟು ವರ್ಷದಿಂದ ಯಾರದೋ ಕೈ ಮಾವನಿಗೆ ಧೈರ್ಯ ಹೇಳುತ್ತಲೇ ಇದೆ. ಈಚೆಗಂತೂ ಹುಡುಕುವ ಕಷ್ಟವೂ ಇಲ್ಲ, ಆಧಾರ್ ಕಾರ್ಡನ್ನೇ ಒಯ್ದು ದೊಡ್ಡದು ಮಾಡಿಸುತ್ತಾರೆ. ಅದು ಕಾರ್ಡಿನ ತಪ್ಪಲ್ಲ. ಬೆಳಗಿನಿಂದ ಸಾಲಿನಲ್ಲಿ ನಿಂತವರ ಮುಖ ಇರುವುದೇ ಹಾಗೆ. ಹೊಳೆಹೊನ್ನೂರಿನಲ್ಲಿ ನೆಂಟರೊಬ್ಬರ ವೈಕುಂಠ ಸಮಾರಾಧನೆಗೆ ಹೋದ ಅತ್ತೆ ಅಂಥ ಫೋಟೋ ನೋಡಿ ಹೋಳಿಗೆಯನ್ನೂ ಸರಿಯಾಗಿ ತಿನ್ನದೆ ವಾಪಸು ಬಂದಿದ್ದರು.

"ನಗ್ತಾ ನಗ್ತಾ ಇದ್ದ ಹೆಂಗಸು ಕಣೋ ಅವಳು," ಎಂದರು ಫೋನಿನಲ್ಲಿ. "ಫೋಟೋ ನೋಡಿದ್ರೆ ಊಟಕ್ಕೆ ಬಂದವರ ಮೇಲೆಲ್ಲ ಸಿಟ್ಟು ಮಾಡ್ಕೊಂಡಿರೋ ಹಾಗಿದೆ. ನನ್ನ ಮಗನೂ ಅದನ್ನೇ ಮಾಡೋನು. ಅದಕ್ಕೇ ನಾನಿರುವಾಗ್ಲೇ ಒಂದು ಒಳ್ಳೇದು ತೆಗೆಸಿಟ್ಟುಬಿಡ್ತೀನಿ."

ಇಂಥ ಜವಾಬ್ದಾರಿಯನ್ನು ನನ್ನ ಮೇಲೆ ಇದುವರೆಗೆ ಯಾರೂ ಹೊರಿಸಿರಲಿಲ್ಲ. ಒಬ್ಬ ಹಿರಿಯರು ಮುಂದಿನ ತಲೆಮಾರುಗಳಿಗೆಲ್ಲ ಯಾವ ಮುಖದಲ್ಲಿ ಕಾಣಿಸಬೇಕು ಎಂಬುದು ನನ್ನ ಕೈಯಲ್ಲಿತ್ತು. ಎರಡನೇ ಶನಿವಾರ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದೆ.

ಅತ್ತೆ ಮೈಸೂರು ಸಿಲ್ಕ್ ಸೀರೆ ಉಟ್ಟು ಸಿದ್ಧವಾಗಿದ್ದರು. ನಡುಮನೆಯಲ್ಲಿ ಗೋಡೆಗೆ ಹೊಂದಿಸಿ ಕುರ್ಚಿ ಹಾಕಿದ್ದರು. ಮೇಲುಗಡೆ ಮಾವನ ಫೋಟೋ. ಗಾಜು ಒರೆಸಿ ಹೊಸ ಹೂ ಇಟ್ಟಿದ್ದರು. ಶನಿವಾರವಾದ್ದರಿಂದ ಇರಬೇಕು ಎಂದುಕೊಂಡು ನಾನು ಅದನ್ನು ಲಕ್ಷಿಸಲಿಲ್ಲ. ಲೆನ್ಸಿನ ಬಾಯಿ ಪೂರ್ತಿ ತೆರೆದೆ. ಈ ಕ್ಯಾಮೆರಾದಲ್ಲಿ ಒಂದು ವಿದ್ಯೆ ಇದೆ, ಮನುಷ್ಯರ ಕಣ್ಣನ್ನು ತಾನೇ ಹುಡುಕಿ ಅದರ ಮೇಲೊಂದು ಚೌಕ ಕೂರಿಸುತ್ತದೆ. ಚೌಕ ಮತ್ತೆ ಮತ್ತೆ ಅತ್ತೆಯನ್ನು ಬಿಟ್ಟು ಹಾರಿ ಮಾವನ ಕಣ್ಣಿನ ಮೇಲೆ ಹೋಗಿ ಕೂರುತ್ತಿತ್ತು. ಇರುವವರು, ಹೋದವರು ಎಂಬ ಭೇದ ಅದಕ್ಕಿಲ್ಲ. ನಮ್ಮ ಕಚೇರಿಯಲ್ಲಾದರೆ ಇದಕ್ಕೆ ಪ್ರಮಾಣಪತ್ರ ಕೇಳುತ್ತೇವೆ. ಕೊನೆಗೆ ಗದರಿಸಿದಂತೆ ಗುಂಡಿ ಒತ್ತಿ ಒತ್ತಿ ಚೌಕವನ್ನು ಅತ್ತೆಯ ಕಣ್ಣಿಗೆ ತಂದು ಫೋಟೋ ತೆಗೆದೆ.

ಹೂವಿನ ಹೆಂಗಸಿನದಕ್ಕಿಂತ ಚೆನ್ನಾಗಿ ಬಂದಿತ್ತು. ಮೂಗುಬೊಟ್ಟಿನ ಹರಳು, ಹುಬ್ಬಿನ ಬಿಳಿ ಕೂದಲು ಎಲ್ಲವನ್ನೂ ಎಣಿಸಬಹುದಿತ್ತು. ಹಿಂದಿನ ಗೋಡೆ ಸಂಪೂರ್ಣ ಬೆಣ್ಣೆ. ಅತ್ತೆ ಕನ್ನಡಕ ಹಾಕಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು.

"ಪೊರೆ ಬಂದಾಗ ಹೀಗೇ ಕಾಣ್ತಿತ್ತು," ಎಂದರು. "ಆಪರೇಷನ್ ಮಾಡಿಸ್ಕೊಂಡು ಈಗ ಆರಾಮಾಗಿದೀನಿ. ನೀನು ಮತ್ತೆ ಪೊರೆ ಹಾಕಿದೀಯಲ್ಲೋ."

ಇದು ಪೊರೆಯಲ್ಲ, ಇದಕ್ಕಾಗಿಯೇ ಜನ ಈ ಲೆನ್ಸ್ ತೆಗೆದುಕೊಳ್ಳುತ್ತಾರೆ ಎಂದು ವಿವರಿಸಿದೆ. ಅತ್ತೆ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ನಿಮ್ಮ ಮಾವ ಎಲ್ಲಿ?"

"ಇಲ್ಲೇ ಇದಾರಲ್ಲ ಅತ್ತೆ," ಎಂದು ಅವರ ತಲೆಯ ಮೇಲಿದ್ದ ಕಂದು ಬಣ್ಣದ ಉಂಡೆಯೊಂದನ್ನು ತೋರಿಸಿದೆ.

"ಇದಾ?"

ಅತ್ತೆ ಕನ್ನಡಕ ತೆಗೆದರು. ಸೆರಗಿನಲ್ಲಿ ಅದನ್ನು ಒರೆಸುತ್ತಾ, "ನಾವಿಬ್ರೂ ಇರೋದು ಒಂದು ಫೋಟೋನೂ ಇಲ್ಲ ಶ್ರೀಧರಾ. ಮದುವೇದಕ್ಕೆ ಗೆದ್ದಲು ಹಿಡೀತು. ಆಮೇಲೆ ಯಾರ ಮನೆ ಕಾರ್ಯ ಆದ್ರೂ ಅವರಿಗೆ ಶಿಫ್ಟು, ಇಲ್ಲ ನಾನು ಅಡಿಗೆಮನೇಲಿ. ನಾನು ಹೋದ್ಮೇಲಾದ್ರೂ ಒಟ್ಟಿಗಿರ್ಲಿ ಅಂತ ಇಲ್ಲಿ ಕೂತೆ. ನೀನು ಅವರನ್ನೇ ಅಳಿಸಿಬಿಟ್ಟೆ," ಎಂದರು.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಒರೆಸಿದ ಗಾಜು, ಹೊಸ ಹೂ, ಗೋಡೆಗೇ ತಾಗಿಸಿದ ಕುರ್ಚಿ ಎಲ್ಲವೂ ನನ್ನ ಕಣ್ಣೆದುರಿಗೇ ಇದ್ದವು. ನಾನು ಅವನ್ನೆಲ್ಲ ಅಡಚಣೆ ಎಂದುಕೊಂಡು, ಲೆನ್ಸ್ ಬಳಸಿ ನಿವಾರಿಸಿದ್ದೆ.

"ಆಗುತ್ತೆ ಅತ್ತೆ, ಇಬ್ಬರೂ ಬರ್ತೀರಿ," ಎಂದೆ. ಲೆನ್ಸಿನ ಬಾಯಿ ಚಿಕ್ಕದು ಮಾಡಿ, ದೂರ ಸರಿದು ತೆಗೆದರೆ ಮುಂದಿನದೂ ಹಿಂದಿನದೂ ಎರಡೂ ಸ್ಪಷ್ಟವಾಗುತ್ತವೆ. ಆದರೆ ಆ ಮನೆಯಲ್ಲಿ ದೂರ ಎಂಬುದೇ ಇರಲಿಲ್ಲ. ಎದುರುಗೋಡೆಗೆ ಬೆನ್ನು ಹಚ್ಚಿ ನಿಂತರೂ ಅತ್ತೆ ಬಂದರೆ ಮಾವನ ತಲೆ ಹೋಗುತ್ತಿತ್ತು, ಮಾವ ಬಂದರೆ ಅತ್ತೆಯ ಗಲ್ಲ ಹೋಗುತ್ತಿತ್ತು. ಜೂಮ್ ಲೆನ್ಸನ್ನು ತಿರಸ್ಕಾರದಿಂದ ಮನೆಯಲ್ಲೇ ಬಿಟ್ಟು ಬಂದಿದ್ದೆ. ಪುಣ್ಯಕ್ಕೆ ಆ ಗೋಡೆ ಬೀದಿಬಾಗಿಲಿಗೆ ನೇರ ಎದುರಿಗಿತ್ತು. ನಾನು ಹಿಂದೆ ಹಿಂದೆ ಸರಿಯುತ್ತಾ ಹೊಸಿಲು ದಾಟಿದೆ. ಜಗಲಿ ದಾಟಿದೆ. ತುಳಸಿಕಟ್ಟೆಯನ್ನು ಬಳಸಿ ಗೇಟು ದಾಟಿ ಬೀದಿಗೆ ಬಂದೆ. ಅಲ್ಲಿ ಸ್ಕೂಟರಿನವನೊಬ್ಬ ಬೈದ. ಇನ್ನೂ ಹಿಂದೆ ಸರಿದಾಗ ಬೆನ್ನ ಹಿಂದಿನಿಂದ, "ಅಯ್ಯೋ ವಾಂಗೋ ಸಾರ್, ಒಳಗೇ ಬನ್ನಿ," ಎಂಬ ದನಿ ಕೇಳಿತು. ಎದುರುಮನೆಯ ಸೆಲ್ವಿಯಮ್ಮ. ತಮಿಳಿನವರು, ಅತ್ತೆಯ ಪರಮಾಪ್ತರು. ನಾನು ಅವರ ನಡುಮನೆಗೆ ಹಿಮ್ಮುಖವಾಗಿ ಪ್ರವೇಶ ಮಾಡಿದೆ.

ಬಾಯಿ ಚಿಕ್ಕದಾದರೆ ಬೆಳಕು ಕಡಿಮೆಯಾಗುತ್ತದೆ, ಕ್ಯಾಮೆರಾ ಅಲುಗಾಡಬಾರದು. ಸೆಲ್ವಿಯಮ್ಮ ದೋಸೆ ಹಿಟ್ಟಿನ ಗ್ರೈಂಡರನ್ನು ಬಾಗಿಲ ಬಳಿಗೆ ಎಳೆದು ತಂದರು. ಅದರ ಮೇಲೆ ಕ್ಯಾಮೆರಾ ಇಟ್ಟು ಮಂಡಿಯೂರಿ ಕೂತೆ. ಈಗ ಕಿಂಡಿಯಲ್ಲಿ ಎಲ್ಲವೂ ಬಂತು: ಗೇಟು, ತುಳಸಿಕಟ್ಟೆ, ಜಗಲಿಯ ಚಪ್ಪಲಿಗಳು, ತೆರೆದ ಬಾಗಿಲು, ಒಳಗೆ ಕುರ್ಚಿಯಲ್ಲಿ ಅತ್ತೆ, ಮೇಲೆ ಮಾವ ಮತ್ತು ಆ ಕೈ.

"ಅತ್ತೇ, ಚಪ್ಪಲಿ ತೆಗೆಸ್ಲಾ?" ಎಂದು ಕೂಗಿದೆ.

"ಇರ್ಲಿ ಬಿಡೋ, ಮನೇಲಿ ಜನ ಇದಾರೆ ಅಂತ ಗೊತ್ತಾಗ್ಲಿ!" ಎಂದು ಅಲ್ಲಿಂದ ಕೂಗಿದರು.

ಸ್ವಲ್ಪ ನಗಿ ಎಂದೆ. ಅತ್ತೆ ಸಾಲಿನಲ್ಲಿ ನಿಂತವರ ಮುಖ ಮಾಡಿಕೊಂಡರು. ಎಷ್ಟು ಕೂಗಿದರೂ ಅದೇ ಮುಖ. ಹೊಳೆಹೊನ್ನೂರಿನ ಫೋಟೋ ನನ್ನ ಕಣ್ಣ ಮುಂದೆ ಬರತೊಡಗಿತು. ಅಷ್ಟರಲ್ಲಿ ತರಕಾರಿ ಗಾಡಿಯವನೊಬ್ಬ ಬಂದು ಅತ್ತೆಗೂ ನನಗೂ ನಡುವೆ ಗಾಡಿ ನಿಲ್ಲಿಸಿ, ಏನು ನಡೆಯುತ್ತಿದೆ ಎಂದು ವಿಚಾರಿಸಿದ.

"ಸರೋಜಮ್ಮಂಗೆ ಹಾರ ಹಾಕಕ್ಕೆ ಫೋಟೋ," ಎಂದರು ಸೆಲ್ವಿಯಮ್ಮ.

ಅವನು ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಅಯ್ಯೋ ಪಾಪ. ಯಾವಾಗ ಆಯ್ತು?"

"ಇನ್ನೂ ಆಗಿಲ್ಲ ಕಣಪ್ಪಾ!" ಎಂದು ಒಳಗಿನಿಂದ ಅತ್ತೆಯ ದನಿ ಬಂತು. "ಗಾಡಿ ಪಕ್ಕಕ್ಕೆ ತಗೋ. ನುಗ್ಗೇಕಾಯಿ ಎಳೇದಿದೆಯಾ?"

ಅವನು ಬೆಚ್ಚಿಬಿದ್ದು ಗಾಡಿಯನ್ನು ಸರ್ರನೆ ತಳ್ಳಿದ. ಅವನ ಅವಸರ ನೋಡಿ ಅತ್ತೆ ಸೆರಗು ಬಾಯಿಗೆ ತರುವುದನ್ನೂ ಮರೆತು ನಕ್ಕುಬಿಟ್ಟರು. ನಾನು ಗುಂಡಿ ಒತ್ತಿದೆ.

ಆ ಫೋಟೋಗೆ ಕಟ್ಟು ಹಾಕಿಸಿಕೊಂಡು ಮುಂದಿನ ತಿಂಗಳು ಸುಮಾ ಜೊತೆ ಹೋದೆ. ಅದನ್ನು ಮಾವನ ಪಕ್ಕದಲ್ಲೇ ತೂಗುಹಾಕಿದರು. ಅತ್ತೆ ಎದುರಿಗೆ ಕೂತು ಬಹಳ ಹೊತ್ತು ನೋಡಿ, "ಈಗ ಯಾವಾಗ ಬೇಕಾದ್ರೂ ಹೋಗಬಹುದು. ಆದ್ರೆ ಫೋಟೋ ಇಷ್ಟು ಚೆನ್ನಾಗಿದೆ, ಸ್ವಲ್ಪ ದಿನ ನಾನೇ ನೋಡ್ತೀನಿ," ಎಂದರು. ಹಾರಕ್ಕೆ ಬೇಕಾಗುವ ಮೊಳೆಯನ್ನೂ ಈಗಲೇ ಹೊಡೆಸಿದ್ದಾರೆ. ಸದ್ಯಕ್ಕೆ ಅದರಲ್ಲಿ ಗೇಟಿನ ಬೀಗದ ಕೈ ನೇತಾಡುತ್ತದೆ. ನನ್ನ ಕೀರ್ತಿ ಕಾಗದನಗರದಲ್ಲಿ ಹರಡಿದೆ. ಹಿರಿಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನಗಾಗಿ ಕಾಯುತ್ತಾರೆ. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ನಾನು ಬಸ್ಸಿಳಿದರೆ, ವಿಮೆಯವರು ಬಂದರು, ಯಾರಿಗೆ ಹುಷಾರಿಲ್ಲವೋ ಎಂದು ವಿಚಾರಿಸುವವರೂ ಇದ್ದಾರೆ.

ಕಟ್ಟು ಹಾಕಿಸಿದ ಫೋಟೋ ಒಯ್ದ ಆ ದಿನವೇ ಅತ್ತೆ, "ಎಲ್ಲರದೂ ತೆಗೀತೀಯ, ನಿಂದು ಯಾರು ತೆಗೀತಾರೆ? ಕೂತ್ಕೋ," ಎಂದು ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಯೋಚಿಸಿದರೆ ಅದೂ ನಿಜವೇ. ಕ್ಯಾಮೆರಾ ಕೊಂಡ ಮೇಲೆ ನನ್ನದೊಂದು ಫೋಟೋ ಯಾರೂ ತೆಗೆದಿರಲಿಲ್ಲ. ತಲೆ ಬಾಚಿಕೊಂಡು, ಹೊಟ್ಟೆ ಒಳಗೆ ಎಳೆದುಕೊಂಡು, ಗಂಭೀರವಾದರೂ ಪ್ರಸನ್ನವಾದ ಮುಖ ಮಾಡಿದೆ. ಅತ್ತೆ ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದು ಎದುರುಗೋಡೆಗೆ ಬೆನ್ನು ಹಚ್ಚಿ ಗುಂಡಿ ಒತ್ತಿದರು. ಬರುವಾಗ ಸೆಲ್ವಿಯಮ್ಮನ ದಾಸವಾಳದ ಫೋಟೋ ತೆಗೆಯಲು ಲೆನ್ಸಿನ ಬಾಯಿ ಪೂರ್ತಿ ತೆರೆದದ್ದು ಹಾಗೇ ಇತ್ತೆಂಬುದು ನನಗೆ ಮರೆತಿತ್ತು. ಕಣ್ಣು ಹುಡುಕುವ ಚೌಕಕ್ಕೆ ನನ್ನ ಕಣ್ಣು ಹಿಡಿಸಲಿಲ್ಲವೆಂದು ತೋರುತ್ತದೆ. ಅದು ನೇರವಾಗಿ ಗೋಡೆಯ ಮೇಲಿನ ಎರಡು ಫೋಟೋಗಳಿಗೆ ಹೋಗಿತ್ತು.

ಸುಮಾ ಪರದೆ ನೋಡಿ, "ಅಬ್ಬಾ, ಅತ್ತೆ ಮಾವ ಇಬ್ಬರೂ ಎಷ್ಟು ಚೆನ್ನಾಗಿ ಬಂದಿದಾರೆ!" ಎಂದಳು. ನಿಜಕ್ಕೂ ಬಂದಿದ್ದರು. ಮಾವನ ಹೆಗಲ ಮೇಲಿನ ಕೈಯ ಉಂಗುರವನ್ನು ನಾನು ಮೊದಲ ಸಲ ನೋಡಿದ್ದು ಅದರಲ್ಲೇ.

ಅತ್ತೆ ಕನ್ನಡಕ ಸರಿಮಾಡಿಕೊಂಡು, "ಮುಂದುಗಡೆ ಏನೋ ಅಡ್ಡ ಬಂದಿದೆಯಲ್ಲೋ," ಎಂದರು.

"ಅದು ನಾನು, ಅತ್ತೆ."

"ಹೌದಾ? ಹೋಗ್ಲಿ ಬಿಡು, ಅಷ್ಟಾಗಿ ಗೊತ್ತಾಗಲ್ಲ," ಎಂದು ಸಮಾಧಾನ ಮಾಡಿದರು. ಅತ್ತೆ ಮಾವನ ಜೋಡಿ ಫೋಟೋ ಎಂದು ಈಗ ಅದೇ ನಮ್ಮ ಬಂಧುಗಳ ಗ್ರೂಪಿನಲ್ಲಿ ಓಡಾಡುತ್ತಿದೆ. ನಾನು ಶಿವಮೊಗ್ಗಕ್ಕೆ ವಾಪಸು ಬಂದವನೇ ಬೀರು ತೆಗೆದು ನನ್ನ ಆಧಾರ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಷ್ಟೇನೂ ಕೆಟ್ಟದಾಗಿಲ್ಲ.