ಪ್ರಾರ್ಥನೆಗೆ ಬಂದ ಗೌನು

ಸಿಟ್ಟೇ ಬಾರದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಭಾನುವಾರ ತಪ್ಪದೆ ಸಭೆಗೆ ಹೋಗುವವನು ಹೀಗೆ ಹೇಳಬಾರದು, ಗೊತ್ತು. ಶತ್ರುಗಳನ್ನು ಪ್ರೀತಿಸಿರಿ ಎಂಬ ಮಾತನ್ನು ನಮ್ಮೂರು ಬೆಟಗೇರಿಯಲ್ಲಿ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿ ಒಪ್ಪಿಸಿದವನು ನಾನು. ನಿಜ ಹೇಳಬೇಕೆಂದರೆ ಶತ್ರುಗಳ ಮೇಲೆ ನನಗೆ ಅಂಥ ಸಿಟ್ಟೇನೂ ಇಲ್ಲ. ಇದ್ದ ಶತ್ರುಗಳೆಲ್ಲ ಊರಲ್ಲೇ ಉಳಿದರು. ನನ್ನ ರಕ್ತ ಕುದಿಸುವವರು ನಾನು ದುಡಿಯಲು ಬಂದ ಈ ಗೋವಾಕ್ಕೆ ಪ್ರವಾಸ ಬರುವ ಅಪರಿಚಿತರು. "ಅಪರಿಚಿತರ ವಿಷಯ ಬೈಬಲ್‌ನಾಗ ಏನೂ ಹೇಳಿಲ್ಲ" ಎಂದು ಒಮ್ಮೆ ಹೆಂಡತಿ ಪ್ರಭಾವತಿಯ ಮುಂದೆ ಅಂದುಬಿಟ್ಟೆ. "ಹೇಳೇತ್ರಿ. ಮನಿಗೆ ಕರಕೊಂಡು ಉಪಚಾರ ಮಾಡ್ರಿ ಅಂತ ಹೇಳೇತಿ" ಎಂದಳು. ಆಕೆಯ ಮೇಲೂ ಸಿಟ್ಟು ಬಂತು.

ನಮ್ಮ ಕನ್ನಡ ಸಭೆ ಸೇರುವುದು ದಾಬೋಲಿಮ್ ವಿಮಾನ ನಿಲ್ದಾಣದ ಹತ್ತಿರದ ಒಂದು ಗುಡ್ಡದ ಮೇಲಿನ ಪುಟ್ಟ ಚಾಪೆಲ್‌ನಲ್ಲಿ. ಕಟ್ಟಡ ಬೇರೆ ಸಭೆಯವರದು. ಭಾನುವಾರ ಮಧ್ಯಾಹ್ನ ನಮಗೆ ಬಿಟ್ಟುಕೊಡುತ್ತಾರೆ. ಬರುವವರೆಲ್ಲ ಗದಗ, ಧಾರವಾಡ, ವಿಜಯಪುರ ಕಡೆಯವರು: ಗೌಂಡಿಗಳು, ಹೋಟೆಲಿನಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳು, ವಾಸ್ಕೋದ ಟೈಲ್ಸ್ ಅಂಗಡಿಯ ಗೋದಾಮು ನೋಡಿಕೊಳ್ಳುವ ನಾನು. ವಿಮಾನ ತಲೆಯ ಮೇಲೆ ಹೋಗುವಾಗ ನಮ್ಮ ಪಾಸ್ಟರ್ ಪ್ರಸಂಗ ನಿಲ್ಲಿಸಿ ಕಾಯುತ್ತಾರೆ. ಒಮ್ಮೆ "ದೇವರು ನಿಮ್ಮನ್ನು" ಎಂಬಲ್ಲಿಗೆ ವಿಮಾನ ಬಂತು. ಅದು ಇಳಿಯುವವರೆಗೂ ದೇವರು ನಮ್ಮನ್ನು ಏನು ಮಾಡುತ್ತಾನೋ ಎಂದು ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದೆವು.

ವಿಮಾನಕ್ಕೆ ನಾನು ಹೊಂದಿಕೊಂಡೆ. ಅದರಿಂದ ಇಳಿದು ಬರುವವರಿಗೆ ಹೊಂದಿಕೊಳ್ಳಲಾಗಲಿಲ್ಲ. ಚಾಪೆಲ್ ಬೆಳ್ಳಗಿದೆ, ಹಿಂದೆ ಸಮುದ್ರ ಕಾಣುತ್ತದೆ. ಇದು ಯಾವನೋ ಪುಣ್ಯಾತ್ಮನ ಮೊಬೈಲಿನಿಂದ ಇಡೀ ದೇಶಕ್ಕೆ ತಿಳಿದುಹೋಯಿತು. ಅಂದಿನಿಂದ ಶುರುವಾಯಿತು ನೋಡಿ. ನಾವು ಕಣ್ಣುಮುಚ್ಚಿ ಪಾಪ ಅರಿಕೆ ಮಾಡುವಾಗ ಟೋಪಿ ಹಾಕಿದ ಹುಡುಗಿಯೊಬ್ಬಳು ಬಾಗಿಲಲ್ಲಿ ಗಿರಗಿರ ತಿರುಗುವಳು. "ಅಂಕಲ್, ಥೋಡಾ ಸೈಡ್" ಎಂದು ಒಬ್ಬ ನನ್ನ ಭುಜ ಸರಿಸಿದ. ನಾನು ಮೊಣಕಾಲೂರಿ ಕೂತಿದ್ದೆ! ನಮ್ಮ ಕಣ್ಣೀರು ಇವರ ಫೋಟೋಕ್ಕೆ ಹಿಂದಿನ ಪರದೆ. ಪಾಸ್ಟರ್‌ಗೆ ಹೇಳಿದರೆ "ದೇವರ ಮನಿ, ಬರ್ಲಿ ಬಿಡ್ರಿ" ಎಂದರು. ದೇವರ ಮನೆ ಸರಿ, ದೇವರು ಬಾಗಿಲು ಕಾಯುತ್ತಾನೆಯೇ? ಕೊನೆಗೆ ಯಾರೂ ಕೇಳದಿದ್ದರೂ ನಾನೇ ಕಾಯತೊಡಗಿದೆ. ಕೀರ್ತನೆಯ ಅರ್ಧ ಒಳಗೆ, ಅರ್ಧ ಗೇಟಿನಲ್ಲಿ.

ಹೀಗಿರುವಾಗ ಗೌಂಡಿ ದೇವದಾನಪ್ಪನ ಹೆಂಡತಿ ಸುವಾರ್ತಮ್ಮ ತೀರಿಕೊಂಡಳು. ಆಕೆ ನಮ್ಮ ಸಭೆಯಲ್ಲೇ ಅತಿ ಮೆತ್ತಗೆ ಹಾಡುವ ಹೆಂಗಸು. ಪಕ್ಕದಲ್ಲಿ ಕೂತರೆ ಮಾತ್ರ ಕೇಳಿಸುತ್ತಿತ್ತು, ಕೇಳಿದವರು ತಮ್ಮ ಹಾಡು ನಿಲ್ಲಿಸುತ್ತಿದ್ದರು. ಆಕೆಯ ಸ್ಮರಣೆಯ ಪ್ರಾರ್ಥನೆ ಮುಂದಿನ ಭಾನುವಾರ ಇತ್ತು. ಇವತ್ತು ಒಂದು ನೊಣವನ್ನೂ ಒಳಗೆ ಬಿಡುವುದಿಲ್ಲವೆಂದು ಗೇಟಿನಲ್ಲಿ ನಿಂತೆ.

ಬಂದದ್ದು ನೊಣವಲ್ಲ, ಗೌನು. ಟ್ಯಾಕ್ಸಿಯಿಂದ ಮೊದಲು ಬಿಳಿ ಗೌನು ಇಳಿಯಿತು, ಇಳಿಯುತ್ತಲೇ ಇತ್ತು, ಕೊನೆಗೆ ಅದರೊಳಗಿನ ಹುಡುಗಿಯೂ ಇಳಿದಳು. ಹಿಂದೆ ಕೋಟು ಹಾಕಿ ಬೆವರುತ್ತಿದ್ದ ವರ. ಅವನ ಹಿಂದೆ ಡ್ರೋನ್ ಹಿಡಿದ ಫೋಟೋಗ್ರಾಫರ್. ಮದುವೆಗೆ ಮುಂಚಿನ ಫೋಟೋ ತೆಗೆಸಬೇಕಂತೆ. "ಹತ್ತೇ ನಿಮಿಷ ಅಂಕಲ್, ಒಳಗಿರುವವರನ್ನು ಸ್ವಲ್ಪ ಹೊರಗೆ ಕಳಿಸಿ" ಎಂದ ಫೋಟೋಗ್ರಾಫರ್, ಹಿಂದಿಯಲ್ಲಿ.

ಹೊರಗೆ ಕಳಿಸಿ! ಆಮೇಲೆ ನಾನು ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಹಿಂದಿಯಲ್ಲಿ ಶುರುಮಾಡಿದೆ, ಹಿಂದಿ ಸಾಲದೆ ಕೊಂಕಣಿಗೆ ಹೋದೆ, ಅದೂ ಮುಗಿದಾಗ ಬೆಟಗೇರಿಗೆ ಬಂದು ಮುಟ್ಟಿದೆ. "ನಿಮ್ಮ ಮನ್ಯಾಗ ಯಾರೂ ಸತ್ತಿಲ್ಲೇನು? ಸಾವಿನ ಮನಿ ಮುಂದ ಕುಣಿತೀರೇನು? ನಾಚಿಕಿ ಅನ್ನೂದು ಐತೋ ಇಲ್ಲೋ?" ಹುಡುಗಿ ಒಂದಕ್ಷರ ತಿಳಿಯದೆ ಅಳತೊಡಗಿದಳು. ವರ ಏನೋ ಹೇಳಲು ಬಂದ, ಅವನಿಗೂ ಒಂದಿಷ್ಟು ಹಂಚಿದೆ.

ಅಷ್ಟರಲ್ಲಿ ದೇವದಾನಪ್ಪ ಹೊರಗೆ ಬಂದ. ಬಿಳಿ ಅಂಗಿ, ಕೆಂಪಾದ ಕಣ್ಣು. ಈಗ ಇವರಿಗೆ ಸರಿಯಾಗಿ ಶಾಸ್ತಿಯಾಗುತ್ತದೆ ಎಂದು ನಾನು ದಾರಿ ಬಿಟ್ಟು ನಿಂತೆ. ಅವನು ಅವರ ಕಡೆ ನೋಡಲೇ ಇಲ್ಲ.

"ಸತ್ತಾಕಿ ನನ್ನ ಹೇಣ್ತಿ. ನೀವ್ಯಾಕ ಚೀರಾಕತ್ತೀರಿ?" ಎಂದ.

"ನಿನ್ನ ಸಲುವಾಗೇ ಅಲ್ಲೇನೋ ಮಾರಾಯ!"

"ನಾ ಕೇಳೀನೇನ್ರಿ? ಒಳಗ ಎಲ್ಲಾರೂ ಸುಮ್ಮನ ಕುಂತಿದ್ವಿ. ಆಕಿ ಹಾಡೋ ಕೀರ್ತನಿ ಪಾಸ್ಟರ್ ಮೆಲ್ಲಕ ಓದಾಕತ್ತಿದ್ರು. ಒಂದ್ ಸಾಲೂ ಕೇಳಸಲಿಲ್ಲ. ಬರೇ ನಿಮ್ಮ ದನಿ." ಅಷ್ಟು ವರ್ಷದ ಪರಿಚಯದಲ್ಲಿ ದೇವದಾನಪ್ಪನಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. ಕಂಡಾಗ ಅದು ನನ್ನ ಮೇಲೆಯೇ ಇತ್ತು.

ಆಮೇಲೆ ಅವನು ಆ ಜೋಡಿಯ ಕಡೆ ತಿರುಗಿ ತನ್ನ ಕೆಲಸದ ಹಿಂದಿಯಲ್ಲಿ ಹೇಳಿದ: ಇವತ್ತು ನನ್ನ ಹೆಂಡತಿಯ ಪ್ರಾರ್ಥನೆ, ಮುಗಿಯುವವರೆಗೆ ಫೋಟೋ ಇಲ್ಲ; ಬಿಸಿಲಲ್ಲಿ ನಿಲ್ಲಬೇಡಿ, ಕೂರುವುದಾದರೆ ಒಳಗೆ ಬಂದು ಕೂರಿ. ಹೋಗಿಬಿಡುತ್ತಾರೆಂದುಕೊಂಡೆ. ಹುಡುಗಿ ಕಣ್ಣೊರೆಸಿಕೊಂಡು, ಚಪ್ಪಲಿ ಕಳಚಿ, ಒಳಗೆ ನಡೆದಳು.

ಕೊನೆಯ ಬೆಂಚು ಪೂರ್ತಿ ಗೌನಿಗೇ ಬೇಕಾಯಿತು. ಅದು ನನ್ನ ಬೆಂಚು. ಫೋಟೋಗ್ರಾಫರ್ ಡ್ರೋನನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಪಾಸ್ಟರ್ ಮತ್ತೆ ಮೊದಲಿನಿಂದ ಓದಿದರು. ದೇವದಾನಪ್ಪ ಮುಂದಿನ ಸಾಲಿನಲ್ಲಿ, ಈ ಸಲ ಜೋರಾಗಿಯೇ ಅತ್ತ. ಹುಡುಗಿ, ಕನ್ನಡ ಬಾರದವಳು, ಅವನನ್ನು ನೋಡುತ್ತಾ ತನ್ನ ವರನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಕೂರಲು ಜಾಗವಿಲ್ಲದ ನಾನು ಗೋಡೆಗೆ ಒರಗಿ ನಿಂತು, ಹಾಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದೆ.

ಪ್ರಾರ್ಥನೆ ಮುಗಿದ ಮೇಲೆ ಅವರು ಫೋಟೋ ತೆಗೆಸಿಕೊಳ್ಳಲಿಲ್ಲ. ಬೆಳಕು ಹೋಯಿತು ಎಂದ ಫೋಟೋಗ್ರಾಫರ್. ಹುಡುಗಿ ಮಾತ್ರ ಒಂದು ಫೋಟೋ ಬೇಕು ಎಂದಳು, ದೇವದಾನಪ್ಪನ ಜೊತೆ. ಅವನು ಒಲ್ಲೆ ಒಲ್ಲೆ ಎನ್ನುತ್ತಲೇ ಅಂಗಿ ಸರಿಮಾಡಿಕೊಂಡು ನಿಂತ. ಚಾ ಕುಡಿದು, ಪಾವ್ ತಿಂದು, ಅವನ ಫೋನ್ ನಂಬರು ತೆಗೆದುಕೊಂಡು ಹೋದರು. ನನಗೆ ದೂರದಿಂದಲೇ ನಮಸ್ಕಾರ.

ಮದುವೆ ಪಣಜಿಯ ಒಂದು ಹೋಟೆಲಿನಲ್ಲಿ ಆಯಿತು. ದೇವದಾನಪ್ಪನಿಗೆ ಕರೆ ಬಂತು, ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರಂತೆ. ಮನೆಯಲ್ಲಿ ಇನ್ಯಾರಿದ್ದಾರೆ? ನಮ್ಮ ಬಾಗಿಲಿಗೆ ಬಂದು, "ನೀವಿಬ್ಬರೂ ಬರ್ರಿ, ಒಬ್ಬನ ಹ್ಯಾಂಗ ಹೋಗ್ಲಿ" ಎಂದ. ಕರೆಯದ ಮದುವೆಗೆ ನಾನು ಹೋಗುವವನಲ್ಲ ಎಂದೆ, ಜೋರಾಗಿಯೇ ಎಂದೆ. ಪ್ರಭಾವತಿ ರೇಷ್ಮೆ ಸೀರೆ ಉಟ್ಟು ಅವನ ಜೊತೆ ಹೋದಳು.

ಮರಳಿ ಬಂದವಳು ಊಟ ಹೊಗಳಿದಳು, ಮೀನು ಹೊಗಳಿದಳು, ಹುಡುಗಿಯ ಅತ್ತೆಯನ್ನೂ ಹೊಗಳಿದಳು. ಎಷ್ಟೊತ್ತು ಸುಮ್ಮನಿರುವುದು? "ನನ್ನ ಬಗ್ಗೆ ಯಾರರ ಕೇಳಿದ್ರೇನು?" ಎಂದೆ.

"ಕೇಳಿದ್ಲಲ್ರಿ, ಆ ಹುಡುಗಿ. ‘ಚೀರೋ ಅಂಕಲ್ ಯಾಕ ಬರಲಿಲ್ಲ’ ಅಂತ."

ಇದಕ್ಕೆ ತಕ್ಕ ಉತ್ತರ ನನ್ನ ಬಳಿ ಇದೆ, ಮೂರು ಭಾಷೆಯಲ್ಲೂ ಇದೆ. ಆದರೆ ಚೀರದೆ ಹೇಳುವುದು ಹೇಗೆಂದು ಇನ್ನೂ ಹೊಳೆದಿಲ್ಲ.