ಎಡರೆಕ್ಕೆಯ ಟ್ಯಾಂಕೂ ಅತ್ತೆಯವರ ರಿವೆಟ್ಟುಗಳೂ

ಇವರಿಗೆ,
ಮಹಾಮಾನ್ಯ ಎಡರೆಕ್ಕೆಯ ಪೆಟ್ರೋಲ್ ಟ್ಯಾಂಕಿನವರು,
ಬಿಡಾರ: ನಮ್ಮ ಮನೆಯ ಕಾರ್ ಶೆಡ್ಡು, ಕಿಟಕಿಯ ಪಕ್ಕದ ಮೇಜು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ಏಕೆಂದರೆ ಇಂದು ಬೆಳಿಗ್ಗೆಯೂ ನಾನೇ ತಮ್ಮ ಮೈಗೆ ಸಾಬೂನು ನೀರು ಸವರಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಅಲ್ಯೂಮಿನಿಯಂ ಹೊಳಪಿಗೆ ಗೀರು ಬೀಳದಿರಲೆಂದು ಮಡಿಸಿದ ಕಂಬಳಿಯ ಮೇಲೆ ಮಲಗಿಸಿ ಬಂದಿದ್ದೇನೆ. ಇಂಥ ಸೇವೆಯನ್ನು ನಾನು ಹೆತ್ತ ತಾಯಿಗೂ ಮಾಡಿದವನಲ್ಲವೆಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ತಾಯಿಗಂತೂ ಏನು ಮಾಡಿದೆನೆಂಬುದು ಪತ್ರ ಮುಂದುವರಿದಂತೆ ತಮಗೇ ತಿಳಿಯುತ್ತದೆ.

ನಮ್ಮಿಬ್ಬರಿಗೆ ಪರಿಚಯ ಬೇಕಿಲ್ಲವಾದರೂ ಇದು ಬಹಿರಂಗ ಪತ್ರವಾದ್ದರಿಂದ ಓದುವ ನಾಲ್ಕು ಜನರ ಸಲುವಾಗಿ ಹೇಳುತ್ತೇನೆ. ನಾನು ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ದೂರುಗಳ ಗುಮಾಸ್ತ. ಊರಿನಲ್ಲಿ ಎಲ್ಲಿ ಕೊಳವೆ ಸೋರಿದರೂ ಜನ ನನಗೆ ಬರೆಯುತ್ತಾರೆ. ನಾನು ಅವರಿಗೆ, ‘ತಮ್ಮ ದೂರನ್ನು ಪರಿಶೀಲಿಸಲಾಗಿ, ಸೋರಿಕೆಯು ಕಚೇರಿಯ ಕೊಳವೆಯಲ್ಲಿರದೆ ದೂರುದಾರರ ಕಡೆಯಲ್ಲಿಯೇ ಇರುವುದು ಕಂಡುಬಂದಿದೆ’ ಎಂದು ಉತ್ತರಿಸುತ್ತೇನೆ. ನನ್ನ ನೌಕರಿಯ ಬಹುಭಾಗ ಈ ಒಂದೇ ವಾಕ್ಯದ ಮೇಲೆ ನಿಂತಿದೆ. ಉಳಿದ ಹೊತ್ತಿನಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ, ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ನನ್ನ ಕೈಯಾರೆ ಕಟ್ಟುತ್ತಿದ್ದೇನೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿದ್ದಂತೆ, ಊರಿನ ಸೋರಿಕೆಗಳಿಗೆಲ್ಲ ಉತ್ತರ ಬರೆದವನ ಶೆಡ್ಡಿನಲ್ಲಿಯೇ ತಾವು ಸೋರತೊಡಗಿದ್ದೀರಿ.

ಒಂದೇ ಸೀಟಿನ ವಿಮಾನ ಕಟ್ಟುವುದು ಸುಲಭವಿತ್ತು. ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದಾಗ ನನ್ನ ಹೆಂಡತಿ ಅದನ್ನು ಒಮ್ಮೆ ನೋಡಿ, “ಒಂದೇ ಸೀಟಿಂದು ಕಟ್ಟೋದಾದ್ರೆ ಅಡುಗೇನೂ ಒಬ್ಬರಿಗೇ ಮಾಡ್ಕೊಂಡು ಒಬ್ಬರೇ ಉಣ್ಣಿ” ಎಂದಳು. ಆ ಕ್ಷಣದಿಂದ ನನ್ನ ವಿಮಾನಕ್ಕೆ ಎರಡು ಸೀಟುಗಳಾದವು. ನಿಜ ಹೇಳುತ್ತೇನೆ, ಆ ಮಾತಿನಿಂದ ನನಗಾದಷ್ಟು ಸಂತೋಷ ಎಂಜಿನ್ ಮನೆಗೆ ಬಂದ ದಿನವೂ ಆಗಲಿಲ್ಲ. ಅವಳು ಪಕ್ಕದಲ್ಲಿ ಕೂತು, ಕೆಳಗೆ ನಮ್ಮ ಮನೆಯ ಮಾಡು ಕಂಡಾಗ ‘ಬಟ್ಟೆ ಒಣಗಿದೆ, ಇಳಿದ ಮೇಲೆ ತೆಗೀಬೇಕು’ ಎನ್ನುವುದನ್ನು ಕೇಳಬೇಕೆಂಬ ಆಸೆಯೇ ನನ್ನಿಂದ ಇಷ್ಟೆಲ್ಲ ತಗಡು ಬಗ್ಗಿಸಿದೆ.

ತಮ್ಮ ಸಹೋದರರಾದ ಬಲರೆಕ್ಕೆಯ ಟ್ಯಾಂಕಿನವರನ್ನು ಕಟ್ಟಿದ್ದು ನಾವಿಬ್ಬರೇ. ತಗಡಿಗೆ ತಗಡು ಜೋಡಿಸುವ ರಿವೆಟ್ ಮೊಳೆ ಬಡಿಯುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಹೊರಗಿನಿಂದ ಒಬ್ಬರು ಗಾಳಿಯ ಗನ್ ಹಿಡಿದು ರಿವೆಟ್ಟಿನ ತಲೆಗೆ ಬಡಿಯಬೇಕು, ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ಗಟ್ಟಿಯೊಂದನ್ನು ಅದರ ಬಾಲಕ್ಕೆ ಒತ್ತಿ ಹಿಡಿಯಬೇಕು. ನಡುವೆ ತಗಡು ಇರುವುದರಿಂದ ಮುಖ ಕಾಣುವುದಿಲ್ಲ, ಗದ್ದಲದಿಂದ ಮಾತು ಕೇಳುವುದಿಲ್ಲ. ಹಾಗಾಗಿ ಒಳಗಿದ್ದವರು ತಗಡನ್ನು ತಟ್ಟಿ ತಿಳಿಸುವುದೆಂದು ನಮ್ಮಲ್ಲಿ ಕರಾರಾಯಿತು. ಒಂದು ಸಲ ತಟ್ಟಿದರೆ ‘ಸರಿಯಾಗಿದೆ’, ಎರಡು ಸಲ ತಟ್ಟಿದರೆ ‘ಇನ್ನೂ ಬಡಿ’, ಮೂರು ಸಲ ತಟ್ಟಿದರೆ ‘ಕೆಡಿಸಿದಿರಿ, ಕಿತ್ತು ಹಾಕಿ’. ಹೆಂಡತಿಯ ಮಣಿಕಟ್ಟು ನೋಯತೊಡಗಿ ವೈದ್ಯರು ಆ ಕಬ್ಬಿಣದ ಗಟ್ಟಿ ಹಿಡಿಯಬಾರದೆಂದಾಗ, ತಮ್ಮನ್ನು ಕಟ್ಟುವ ಸರದಿಗೆ ಗಟ್ಟಿ ಹಿಡಿಯಲು ಮುಂದೆ ಬಂದವರು ನಮ್ಮ ಜೊತೆಗೇ ಇರುವ ನನ್ನ ಅತ್ತೆಯವರು. ಕೇಳಿದ್ದಕ್ಕಲ್ಲ, ಬೇಡವೆಂದಿದ್ದಕ್ಕೆ ಬಂದರು.

ಅತ್ತೆಯವರು ಶೆಡ್ಡಿಗೆ ಕಾಲಿಟ್ಟ ಮೇಲೆ ಶೆಡ್ಡು ಶೆಡ್ಡಾಗಿ ಉಳಿಯಲಿಲ್ಲ. ಕೊರೆದ ರಂಧ್ರದ ಅಂಚಿನಲ್ಲಿ ಸಣ್ಣ ಸಿಬಿರೂ ಉಳಿಯಕೂಡದು, ಉಳಿದರೆ ಅಲ್ಲಿಂದಲೇ ತಗಡು ಬಿರುಕು ಬಿಡುತ್ತದೆಂದು ನಾನು ಒಮ್ಮೆ ಹೇಳಿದ್ದಕ್ಕೆ, ನಾನು ನಯಗೊಳಿಸಿದ ಪ್ರತಿ ರಂಧ್ರಕ್ಕೂ ಅವರು ಕಿರುಬೆರಳು ತೂರಿಸಿ ನೋಡಿ, ಬಹುಪಾಲನ್ನು ವಾಪಸು ಕಳಿಸಿದರು. ಅಲ್ಯೂಮಿನಿಯಂ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಬಾರದು, ಆ ಗೆರೆ ನಿಧಾನವಾಗಿ ಲೋಹವನ್ನೇ ತಿನ್ನುತ್ತದೆಂದು ತಿಳಿದ ದಿನವೇ ಮನೆಯ ಪೆನ್ಸಿಲ್ಲುಗಳನ್ನೆಲ್ಲ ಬಾಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾನು ಪದಬಂಧ ಬಿಡಿಸುವುದು ಅಲ್ಲಿಗೆ ನಿಂತಿತು. ಸಂದುಗಳನ್ನು ಮುಚ್ಚುವ ಅಂಟು ಹಿಡಿಯಬೇಕಾದರೆ ತಗಡು ಒರಟಾಗಿರಬೇಕು, ಎಣ್ಣೆಯ ಪಸೆ ಇರಬಾರದು ಎಂದಾಗ, ತಳ ಹಿಡಿದ ಪಾತ್ರೆಯನ್ನು ತಿಕ್ಕುವಂತೆ ತಮ್ಮ ಒಳಮೈಯನ್ನು ತಿಕ್ಕಿ ತೊಳೆದು, ಆಮೇಲೆ ಬರಿಗೈಯಲ್ಲಿ ಮುಟ್ಟಿದ ನನ್ನನ್ನು ಹೊರಗೆ ಕಳಿಸಿದರು. ಇನ್ನು ಆ ಅಂಟು! ಎರಡು ಡಬ್ಬಿಗಳಿಂದ ತೆಗೆದು ಕಲಸಿದ ಕೂಡಲೇ ಟಾರಿನಂತೆ ಕಪ್ಪಗಾಗಿ, ಗಟ್ಟಿಯಾಗುವ ಮುನ್ನ ತಮ್ಮ ಸಂದುಗಳಿಗೆ ಸೇರಬೇಕಾದ ಆ ಪದಾರ್ಥವು ಸಂದುಗಳಿಗೂ ಸೇರಿ, ಬಾಗಿಲ ಹಿಡಿಕೆಗೂ ಸೇರಿ, ನನ್ನ ಹೆಂಡತಿಯ ಬಾಚಣಿಗೆಗೆ ಹೇಗೆ ಸೇರಿತೆಂಬುದು ಇಂದಿಗೂ ಇತ್ಯರ್ಥವಾಗದ ಪ್ರಕರಣ.

ಇಷ್ಟಾಗಿ ತಾವು ತಯಾರಾದಿರಿ. ಆಮೇಲೆ ಪರೀಕ್ಷೆ. ಪೆಟ್ರೋಲ್ ತುಂಬುವ ಮೊದಲು ಗಾಳಿ ತುಂಬಿ ನೋಡಬೇಕು, ಆದರೆ ಹೆಚ್ಚು ತುಂಬಿದರೆ ತಮ್ಮ ಹೊಟ್ಟೆಯೇ ಉಬ್ಬಿ ಕೆಡುತ್ತದೆ. ಆದ್ದರಿಂದ ತಮ್ಮ ಉಸಿರಾಟದ ಕೊಳವೆಯ ತುದಿಗೆ ಒಂದು ಬಲೂನು ಕಟ್ಟಿ, ಅದು ಅರ್ಧ ಉಬ್ಬುವಷ್ಟು ಗಾಳಿ ಬಿಟ್ಟು, ಬೆಳಗಿನವರೆಗೆ ಬಿಡುವುದು ರೂಢಿ. ಬೆಳಿಗ್ಗೆ ಬಲೂನು ಹಾಗೆಯೇ ನಿಂತಿದ್ದರೆ ಟ್ಯಾಂಕು ಗಟ್ಟಿ, ಜೋತುಬಿದ್ದಿದ್ದರೆ ಸೋರುತ್ತಿದೆ ಎಂದರ್ಥ. ತಮ್ಮ ಸಹೋದರರ ಬಲೂನಿನ ಮುಖ ಮಾರನೆಯ ದಿನವೂ ಬಾಡಿರಲಿಲ್ಲ. ತಮ್ಮ ಬಲೂನು ಮಾತ್ರ ಬೆಳಗಾಗುವಷ್ಟರಲ್ಲಿ ಒಗೆದು ಹಾಕಿದ ಕಾಲುಚೀಲದಂತೆ ನೇತಾಡುತ್ತಿತ್ತು. ಬಲೂನಿಗೇನು, ಅದಕ್ಕೆ ಅವರಿವರೆಂಬ ಭೇದವಿಲ್ಲ. ಅದು ಲಂಚ ತಿನ್ನದ ಸಾಕ್ಷಿ. ಜೊತೆಗೆ ಅದರ ಕತ್ತಿಗೆ ದಾರ ಸುತ್ತಿ ಗಂಟು ಬಿಗಿದವನು ಸ್ವತಃ ನಾನು.

ಮಾನ್ಯರೇ, ಈಗ ತಮ್ಮ ಕೌಶಲ್ಯವನ್ನು ಹೊಗಳದೆ ನನಗೆ ಬೇರೆ ದಾರಿಯಿಲ್ಲ. ತಮ್ಮ ಒಂದೊಂದು ರಿವೆಟ್ಟಿಗೂ, ಒಂದೊಂದು ಸಂದಿಗೂ, ಪೆಟ್ರೋಲ್ ಸುರಿಯುವ ಮುಚ್ಚಳಕ್ಕೂ, ತಳದಲ್ಲಿ ಕೂತ ನೀರನ್ನು ತೆಗೆಯುವ ಪುಟ್ಟ ನಲ್ಲಿಗೂ ನಾನು ಕುಂಚದಲ್ಲಿ ಸಾಬೂನು ನೀರು ಹಚ್ಚಿ, ಕನ್ನಡಕ ಒರೆಸಿಕೊಂಡು ಕಾದೆ. ಗಾಳಿ ಹೊರಬರುವ ಕಡೆ ಗುಳ್ಳೆ ಏಳಲೇಬೇಕು. ತಾವು ಒಂದು ಗುಳ್ಳೆಯನ್ನೂ ಎಬ್ಬಿಸಲಿಲ್ಲ. ಗುಳ್ಳೆಯಿಲ್ಲದೆ, ಸದ್ದಿಲ್ಲದೆ, ಗುರುತಿಲ್ಲದೆ, ಇಷ್ಟು ನಾಜೂಕಾಗಿ ಸೋರುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರೋ ತಿಳಿಯದು. ನಮ್ಮ ಊರಿನ ಕೊಳವೆಗಳಿಗೆ ತಾವು ಸ್ವಲ್ಪ ತರಬೇತಿ ಕೊಟ್ಟಿದ್ದರೆ ನನಗೆ ಇಷ್ಟೊಂದು ದೂರುಗಳು ಬರುತ್ತಲೇ ಇರಲಿಲ್ಲ.

ಈ ಹಂತದಲ್ಲಿ ನಾನು ತಮ್ಮ ಪರವಾಗಿ ಒಂದು ತೀರ್ಮಾನಕ್ಕೆ ಬಂದೆ. ಹೊರಗೆಲ್ಲೂ ಗುಳ್ಳೆಯಿಲ್ಲವೆಂದರೆ ತಪ್ಪು ಒಳಗಿರಬೇಕು, ಒಳಗೆ ಗಟ್ಟಿ ಹಿಡಿದವರು ಯಾರು? ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದಿತ್ತು. ಊಟದ ಮೇಜಿನಲ್ಲಿ, ತಟ್ಟೆ ನೋಡುತ್ತ, “ಮೂಲೆಯ ಸಾಲಿನಲ್ಲಿ ಅತ್ತೆಯವರ ಕೈ ಸ್ವಲ್ಪ ಜಾರಿರಬಹುದೇನೋ” ಎಂದುಬಿಟ್ಟೆ. ಅತ್ತೆಯವರು ಸೌಟನ್ನೆತ್ತಿ ಪಾತ್ರೆಯ ಅಂಚಿಗೆ ಮೂರು ಸಲ ತಟ್ಟಿದರು.

ಅಂದಿನಿಂದ ಅವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನಾನು ಶುಭೋದಯ ಎಂದರೆ ಬಾಗಿಲ ಚೌಕಟ್ಟಿಗೆ ಮೂರು ಸಲ. ಚಹಾ ಚೆನ್ನಾಗಿದೆ ಎಂದರೆ ಲೋಟಕ್ಕೆ ಮೂರು ಸಲ. ಕಚೇರಿಗೆ ಹೊರಟು ನಿಂತು, ಅಂಗಿ ಹೇಗಿದೆ ಎಂದು ಹೆಂಡತಿಯನ್ನು ಕೇಳಿದರೂ ಪಕ್ಕದ ಕೋಣೆಯಿಂದ ಮೂರು ಸಲ ಕೇಳಿಸುತ್ತದೆ. ಹೆಂಡತಿಯೋ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರೀ, ಅಮ್ಮ ನಿಮ್ಮ ಹತ್ರ ಮಾತಾಡೋವರೆಗೂ ನಾನು ಆ ಸೀಟಲ್ಲಿ ಕೂರಲ್ಲ” ಎಂದು ಹೇಳಿ, ಸೀಟಿಗೆಂದು ತಾನೇ ಹೊಲಿದಿದ್ದ ದಿಂಬನ್ನು ಎತ್ತಿಕೊಂಡು ಹೋಗಿ ಸೋಫಾದ ಮೇಲಿಟ್ಟಿದ್ದಾಳೆ. ಅತ್ತೆಯವರ ಮಾತು ನಿಂತರೆ ಮನೆ ತಣ್ಣಗಿರುತ್ತದೆಂದು ನಾನು ವರ್ಷಗಳಿಂದ ನಂಬಿದ್ದೆ. ಈಗ ಶೆಡ್ಡಿನಲ್ಲಿ ಒಬ್ಬನೇ ಕೂತಾಗ ಆ ಬೈಗುಳವಿಲ್ಲದೆ ಒಂದು ತಿರುಪನ್ನೂ ಬಿಗಿಯಲು ಮನಸ್ಸಾಗುವುದಿಲ್ಲ. ನನಗೆ ನಿಜಕ್ಕೂ ಬೇಸರವಾಗಿದೆ, ಮತ್ತು ಅದಕ್ಕೆ ನೇರ ಕಾರಣ ತಾವು.

ವಿಮಾನಯಾನ ಇಲಾಖೆಯ ಪರೀಕ್ಷಕರು ಬರುವ ಸೋಮವಾರ ಬರಲಿದ್ದಾರೆ. ತಾವು ಗಟ್ಟಿಯೆಂದು ಅವರಿಗೆ ತೋರಿಸದ ಹೊರತು ತಮ್ಮನ್ನು ರೆಕ್ಕೆಗೆ ಕೂರಿಸುವಂತಿಲ್ಲ. ಇಲ್ಲವಾದರೆ ಅಷ್ಟೂ ರಿವೆಟ್ಟುಗಳನ್ನು ಕೊರೆದು ತೆಗೆದು, ಆ ಕಪ್ಪು ಅಂಟನ್ನು ಕೆರೆದು, ಮತ್ತೆ ಮೊದಲಿನಿಂದ ಬಡಿಯಬೇಕು. ಆಗ ಒಳಗೆ ಗಟ್ಟಿ ಹಿಡಿಯುವವರು ಯಾರೆಂದು ತಾವೇ ಹೇಳಿ. ಆದಕಾರಣ ತಮ್ಮಲ್ಲಿ ಕೆಲವು ಅತಿ ಸಣ್ಣ ಕೋರಿಕೆಗಳು. ತಮ್ಮ ರಿವೆಟ್ಟುಗಳ ತುರ್ತು ಸಭೆ ಕರೆದು, ತಪ್ಪಿತಸ್ಥ ರಿವೆಟ್ಟು ತಾನಾಗಿ ಎದ್ದು ನಿಲ್ಲುವಂತೆ ಮನವೊಲಿಸಬೇಕು. ಹಾಗೆ ಎದ್ದು ನಿಲ್ಲುವ ರಿವೆಟ್ಟು ದಯವಿಟ್ಟು ಅತ್ತೆಯವರು ಹಿಡಿದ ಸಾಲಿನದಾಗಿರಬಾರದು, ನನ್ನ ಗನ್ನಿನದೂ ಆಗಿರಬಾರದು, ಅಂಥ ಮೂರನೆಯ ಬಗೆಯ ರಿವೆಟ್ಟೊಂದನ್ನು ತಾವೇ ಹುಟ್ಟಿಸಿಕೊಳ್ಳಬೇಕು. ಇದಾಗದಿದ್ದರೆ, ಸೋರುವುದನ್ನು ಸೋಮವಾರ ಬಿಟ್ಟು ಉಳಿದ ದಿನಗಳಿಗೆ ಹಂಚಿಕೊಳ್ಳಬೇಕು. ಅದೂ ಆಗದಿದ್ದರೆ ಒಳಮುಖವಾಗಿ ಸೋರಬೇಕು. ಹಾಗಾದಲ್ಲಿ ಹಾರುತ್ತ ಹೋದಂತೆ ಪೆಟ್ರೋಲ್ ಹೆಚ್ಚುತ್ತ ಬಂದು, ತಾವು ಲೋಕಕ್ಕೇ ಉಪಕಾರ ಮಾಡಿದಂತಾಗುತ್ತದೆ.

ತಮ್ಮ ಸಹೋದರರನ್ನು ನೋಡಿಯಾದರೂ ಕಲಿಯಬಹುದಿತ್ತು. ಅವರಿಂದ ಎಂಜಿನ್ನಿಗೆ ಹೋಗುವ ಕೊಳವೆ ನಡುವೆ ಎಲ್ಲೂ ಗುಡ್ಡ ಹತ್ತಿ ಇಳಿಯುವುದಿಲ್ಲ, ಏಕೆಂದರೆ ಹಾಗೆ ಹತ್ತಿದ ಕಡೆ ಪೆಟ್ರೋಲಿನ ಆವಿ ಕೂತು ದಾರಿ ಕಟ್ಟುತ್ತದೆ. ಅವರ ಬಾಯಿಗೆ ಕಟ್ಟಿದ ಜಾಲರಿ ಕಸವನ್ನು ಬಿಡುವುದಿಲ್ಲ. ಅವರು ಮಾತಾಡುವುದಿಲ್ಲ, ಸೋರುವುದಿಲ್ಲ, ಯಾರ ಸಂಸಾರವನ್ನೂ ಕೆಡಿಸುವುದಿಲ್ಲ. ಒಂದೇ ನಕ್ಷೆ, ಒಂದೇ ತಗಡು, ಒಂದೇ ಶೆಡ್ಡಿನ ಅನ್ನ ತಿಂದು ಬೆಳೆದವರಲ್ಲಿ ಇಷ್ಟು ವ್ಯತ್ಯಾಸವಾದರೂ ಹೇಗೆ ಬಂತು ಸ್ವಾಮಿ?

ಈ ದೂರನ್ನು ತಾವು ತಣ್ಣನೆಯ ಮನಸ್ಸಿನಿಂದ ಪರಿಶೀಲಿಸುವಿರೆಂದೂ, ನಾನು ಜನರಿಗೆ ಬರೆಯುವಂಥ ಉತ್ತರವನ್ನು ನನಗೇ ಬರೆಯಲಾರಿರೆಂದೂ ನಂಬಿ ಇಲ್ಲಿಗೆ ನಿಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ,
(ಸದ್ಯಕ್ಕೆ ಆ ವಿಶ್ವಾಸವೆಲ್ಲ ಬಲೂನಿನ ಮೇಲಿದೆ)
ಕಾರ್ ಶೆಡ್ಡಿನ ಸೋರಿಕೆ ಗುಮಾಸ್ತ

ತಾ.ಕ.: ಮೇಲಿನ ಪತ್ರವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸುವ ಮುನ್ನ ತಮ್ಮೆದುರೇ ಗಟ್ಟಿಯಾಗಿ ಓದಿ ಹೇಳುವುದು ಸಭ್ಯತೆಯೆಂದು ತಿಳಿದು, ಹೆಂಡತಿಯನ್ನೂ ಅತ್ತೆಯವರನ್ನೂ ಸಾಕ್ಷಿಗಳಾಗಿ ಕರೆದು ಓದತೊಡಗಿದೆ. ‘ಲಂಚ ತಿನ್ನದ ಸಾಕ್ಷಿ’ ಎಂಬಲ್ಲಿ ಆವೇಶದಿಂದ ಕೈ ಬೀಸಿದಾಗ ಮೊಣಕೈ ತಾಗಿ ಸಾಬೂನು ನೀರಿನ ಬೋಗುಣಿ ಮಗುಚಿ, ನೊರೆಯೆಲ್ಲ ಆಗಷ್ಟೇ ಮತ್ತೆ ಗಾಳಿ ತುಂಬಿಟ್ಟಿದ್ದ ಬಲೂನಿನ ಕತ್ತಿನ ಮೇಲೆ ಬಿತ್ತು. ಅಲ್ಲಿ, ನನ್ನ ಸ್ವಂತ ಗಂಟಿನ ಅಡಿಯಿಂದ, ದಪ್ಪ ದಪ್ಪ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಇಡೀ ಟ್ಯಾಂಕಿಗೆ ಸಾಬೂನು ಹಚ್ಚಿದವನು ಆ ಗಂಟಿಗೊಂದಕ್ಕೆ ಹಚ್ಚಿರಲಿಲ್ಲ. ಹೆಂಡತಿ ಮೆಲ್ಲಗೆ, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ” ಎಂದಳು. ಅದಕ್ಕೆ ಅತ್ತೆಯವರು, “ಇದ್ರಲ್ಲಿ ಎಮ್ಮೆ ಯಾರು?” ಎಂದರು. ಮಾತು ಬಿಟ್ಟ ಮೇಲೆ ಅವರು ಬಾಯಿ ತೆರೆದದ್ದು ಅದೇ ಮೊದಲು, ಮತ್ತೆ ಊಟದವರೆಗೂ ಮುಚ್ಚಲಿಲ್ಲ. ನನಗೆ ಕುಣಿದಾಡುವಷ್ಟು ಸಂತೋಷವಾಯಿತು.

ನನ್ನ ದಾರ ಬಿಚ್ಚಿ ಎಸೆದು ಅತ್ತೆಯವರೇ ಕಟ್ಟಿದ ಬಲೂನು ಇಂದು ಬೆಳಿಗ್ಗೆ ನನ್ನನ್ನು ದಿಟ್ಟಿಸಿ ನೋಡುತ್ತ ನಿಂತಿತ್ತು. ಆದ್ದರಿಂದ ತಮ್ಮ ವಿರುದ್ಧದ ದೂರನ್ನು ಪರಿಶೀಲಿಸಲಾಗಿ, ಸೋರಿಕೆಯು ಟ್ಯಾಂಕಿನಲ್ಲಿರದೆ ದೂರುದಾರರ ಕಡೆಯಲ್ಲಿಯೇ ಇರುವುದು ಕಂಡುಬಂದಿದೆ. ಈ ವಾಕ್ಯವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಟ್ಯಾಂಕಿನವರಾದ ತಮ್ಮ ಮೈಮೇಲೆ ಒಂದೇ ಒಂದು ಸಲ ತಟ್ಟಿದರು. ಆಮೇಲೆ ವಿಮಾನದ ಹತ್ತಿರ ಹೋಗಿ ಎರಡನೆಯ ಸೀಟಿನ ಮೇಲೂ ಒಂದು ಸಲ ತಟ್ಟಿ, “ಮೊದಲು ನಾನು, ಆಮೇಲೆ ಅವಳು” ಎಂದರು. ಹೆಂಡತಿ ಸೋಫಾದಿಂದ ದಿಂಬನ್ನು ತಂದು ಅವರಿಗಾಗಿ ಸೀಟಿನ ಮೇಲಿಟ್ಟಳು.

ಇನ್ನೊಂದೇ ಒಂದು ಕೆಲಸ ಬಾಕಿಯಿದೆ. ವಿಮಾನ ಏಳಬೇಕಾದರೆ ಕೂರುವವರ ತೂಕವನ್ನು ಪರೀಕ್ಷಕರಿಗೆ ಬರೆದುಕೊಡಬೇಕು. ಅತ್ತೆಯವರ ತೂಕವೆಷ್ಟೆಂದು ಅವರನ್ನೇ ಕೇಳುವ ಧೈರ್ಯ ನನಗಿಲ್ಲ. ಎಂಥ ಒತ್ತಡವನ್ನಾದರೂ ತಡೆದುಕೊಳ್ಳಬಲ್ಲಿರೆಂದು ಸಾಬೀತಾಗಿರುವ ತಾವೇ ದಯವಿಟ್ಟು ಕೇಳಿ ತಿಳಿಸಬೇಕು.